ಉಡುಪಿಯಿಂದ ಒಂದು ದಿನ ಕಾಡಿನಲ್ಲಿ ನಡೆಯಬೇಕು, ಮಗ ಮತ್ತು ಅಪ್ಪನ ಜೊತೆ. ಎಲ್ಲಿಗೆ ಹೋಗಲಿ?

ಮಣಿಪಾಲದವಳು:

ಎಲ್ಲರಿಗೂ ನಮಸ್ಕಾರ. ನನ್ನ ಮಗ ನಾಲ್ಕನೇ ಕ್ಲಾಸ್. ಹಕ್ಕಿ, ಹುಳ, ಕಪ್ಪೆ ಅಂದರೆ ಅವನಿಗೆ ಪ್ರಾಣ. ಕ್ರಿಸ್ಮಸ್ ರಜೆಯಲ್ಲಿ ಅವನನ್ನು ಒಂದು ದಿನ ನಿಜವಾದ ಕಾಡಿನಲ್ಲಿ ನಡೆಸಬೇಕು ಅಂತ ಆಸೆ. ನನ್ನ ಅಪ್ಪನೂ ಬರುತ್ತಾರೆ. ಅವರಿಗೆ 66 ವರ್ಷ. ದಿನಾ ಬೆಳಿಗ್ಗೆ ನಡೆಯುತ್ತಾರೆ, ಆದರೆ ಇಳಿಜಾರಿನಲ್ಲಿ ಮಂಡಿ ನೋವು. ಆಫೀಸಿನಲ್ಲಿ ಎಲ್ಲರೂ ಕುದುರೆಮುಖ ಶಿಖರ ಹತ್ತಿ ಅನ್ನುತ್ತಾರೆ. ಅದು ನಮ್ಮಿಂದ ಆಗುತ್ತದಾ? ಪರ್ಮಿಷನ್ ಬೇಕಾ? ಮನೆಯಲ್ಲಿ ಅಮ್ಮನಿಗೆ ಮಂಗನ ಕಾಯಿಲೆಯ ಹೆದರಿಕೆ ಬೇರೆ. ಗೊತ್ತಿದ್ದವರು ಹೇಳಿ.

ಸುರತ್ಕಲ್ ಹುಡುಗ:

ಅಕ್ಕ, ಕುದುರೆಮುಖ ಶಿಖರ ಈ ಸಲ ಬೇಡ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರುವಾಗ ಸುಮಾರು 20 ಕಿಲೋಮೀಟರ್ ಆಗುತ್ತದೆ. ಎತ್ತರ 1,890 ಮೀಟರ್ ದಾಟುತ್ತದೆ. ರಾತ್ರಿ ಮೇಲೆ ಉಳಿಯಲು ಬಿಡುವುದಿಲ್ಲ, ಅದೇ ದಿನ ಇಳಿಯಬೇಕು. ಮಂಡಿ ನೋವಿದ್ದವರಿಗೆ ಆ ಇಳಿಜಾರು ಕಷ್ಟ. ಮುಂದೆ ಯಾವಾಗಾದರೂ ಹೋಗುವುದಾದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ಹೆಬ್ರಿ ಕಡೆಯವ:

ಅಕ್ಕ, ನಮ್ಮ ತೋಟ ಹೆಬ್ರಿಯಿಂದ ಆಗುಂಬೆಗೆ ಹೋಗುವ ದಾರಿಯ ಹತ್ತಿರ. ಬೇಲಿ ದಾಟಿದರೆ ಸೋಮೇಶ್ವರ ಅಭಯಾರಣ್ಯ. ಹಾಗಾಗಿ ಈ ಕಾಡಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಹುಡುಗನಿಗೆ ಬೇಕಾದದ್ದು ಹಕ್ಕಿ, ಹುಳ, ಕಪ್ಪೆ ಅಲ್ವಾ? ಹಾಗಾದರೆ ಶಿಖರ ಯಾಕೆ? ಕುದುರೆಮುಖದ ಮೇಲ್ಭಾಗ ಹೆಚ್ಚಾಗಿ ಹುಲ್ಲುಗಾವಲು. ಮಡಿಕೆ ಮಡಿಕೆಯಾದ ಕಣಿವೆಗಳಲ್ಲಿ ಶೋಲಾ ಕಾಡು, ಅಂದರೆ ಗಿಡ್ಡ ಮರಗಳ ದಟ್ಟ ನಿತ್ಯಹಸಿರು ಕಾಡು. ನೋಡಲು ಬಹಳ ಚಂದ, ಇಲ್ಲ ಅನ್ನುವುದಿಲ್ಲ. ಆದರೆ ಮಗು ಬಗ್ಗಿ ನೋಡಬೇಕು, ನಿಂತು ಕಿವಿಗೊಡಬೇಕು ಅಂದರೆ ಘಟ್ಟದ ಬುಡದ ಕಾಡೇ ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ನೀರು ನಮ್ಮ ಕಡೆಗೂ ಇಳಿಯುತ್ತದೆ. ಡಿಸೆಂಬರಿನಲ್ಲೂ ತೋಡುಗಳಲ್ಲಿ ನೀರಿರುತ್ತದೆ, ದರಲೆಯ (ಉದುರಿದ ಒಣ ಎಲೆಯ) ಅಡಿಯಲ್ಲಿ ಮಣ್ಣು ತೇವವಾಗಿರುತ್ತದೆ.

ಕೂಡ್ಲು ತೀರ್ಥದ ದಾರಿ ನಿಮಗೆ ಸರಿಹೋಗಬಹುದು. ಸೀತಾನದಿಯ ಜಲಪಾತ ಅದು. ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಕಾಡಿನೊಳಗೆ ನಡೆಯಬೇಕು. ಜಲಪಾತ ಮುಟ್ಟಲೇಬೇಕು ಅಂತ ಹಟ ಬೇಡ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ದಾರಿಯಲ್ಲೇ ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಬಿದ್ದ ಮರದ ಪಕ್ಕ ಹತ್ತು ನಿಮಿಷ ಸುಮ್ನೆ ನಿಂತರೆ ಸಾಕು. ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಹಾರಿದರೆ ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ. ದೊಡ್ಡ ಮಂಗಟ್ಟೆಯದಂತೂ ಉಗಿಬಂಡಿ ಬಂದ ಹಾಗೆ. ಕೊಂಬೆಯ ಮೇಲೆ ಕೆಂದಳಿಲು ಉದ್ದ ಬಾಲ ಇಳಿಬಿಟ್ಟು ಕೂತಿರುತ್ತದೆ. ಹಾರುವ ಓತಿಗಂತೂ ಕಾಡೂ ಬೇಡ, ಅಡಿಕೆ ತೋಟ ಸಾಕು. ಗಂಡು ಓತಿ ಕುತ್ತಿಗೆಯ ಹಳದಿ ಚೀಲ ಬಿಚ್ಚಿ ಮಡಚುತ್ತಾ ಇರುತ್ತದೆ. ಹುಡುಗನಿಗೆ ಮರದ ಕಾಂಡ ನೋಡಲು ಹೇಳಿ, ಎಲೆ ಅಲ್ಲ.

ಪರ್ಮಿಷನ್ ಖಂಡಿತ ಬೇಕು. ಸೋಮೇಶ್ವರ 1974ರಿಂದ ಅಭಯಾರಣ್ಯ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಮೊಬೈಲ್ ಮ್ಯಾಪಿನಲ್ಲಿ ಕಾಲುದಾರಿ ಕಂಡಿತು ಅಂತ ನುಗ್ಗಬೇಡಿ. ಅದು ದನ ಹೋದ ದಾರಿ ಇರಬಹುದು, ಕಾಟಿ (ಕಾಡುಕೋಣ) ಹೋದ ದಾರಿಯೂ ಇರಬಹುದು. ಹೆಬ್ರಿಯ ಅರಣ್ಯ ಕಚೇರಿಯಲ್ಲಿ ಕೇಳಿ, ಅಲ್ಲಿನ ಗೈಡ್ ಸಿಕ್ಕಿದರೆ ಬಿಡಬೇಡಿ. ಮಳೆಗಾಲದಲ್ಲಿ ನೀರಿನ ಸೆಳೆತಕ್ಕೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ. ಹಾಗಾಗಿ ಡಿಸೆಂಬರ್ ಒಳ್ಳೆಯ ಆಯ್ಕೆ.

ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಂಗಗಳು ಕೂತಿರುತ್ತವೆ. ದಯವಿಟ್ಟು ಏನೂ ಕೊಡಬೇಡಿ. ಅಲ್ಲಿ ಸಿಂಗಳೀಕಗಳೂ ರಸ್ತೆಗೆ ಇಳಿಯುತ್ತವೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೂದಲು, ಬಾಲದ ತುದಿಯಲ್ಲಿ ಗೊಂಡೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಹೆಬ್ಬಲಸು, ಕಾಡುಹಣ್ಣು ತಿನ್ನುತ್ತಾ ಮರದ ಮೇಲೇ ಬದುಕುವಂಥದ್ದು. ಯಾರೋ ಕಾರು ನಿಲ್ಲಿಸಿ ಬಿಸ್ಕೆಟ್ ಎಸೆದರು ಅಂತ ಅದು ಟಾರಿಗೆ ಇಳಿಯುತ್ತದೆ. ಹಿಂದಿನಿಂದ ಇನ್ನೊಂದು ಕಾರು ಬರುತ್ತದೆ. ರಸ್ತೆಯಲ್ಲಿ ಸತ್ತು ಬಿದ್ದ ಸಿಂಗಳೀಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಕಟ ಇನ್ನೂ ಹೋಗಿಲ್ಲ. ನಿಮ್ಮ ಹುಡುಗನಿಗೆ ಇದನ್ನು ಹೇಳಿ. ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ಆಮೇಲೆ ಅವರೇ ದೊಡ್ಡವರನ್ನು ತಡೆಯುತ್ತಾರೆ.

ತೀರ್ಥಹಳ್ಳಿ ನರ್ಸ್:

ಮಂಗನ ಕಾಯಿಲೆ ಬಗ್ಗೆ ನಾನು ಹೇಳುತ್ತೇನೆ. ಇದು ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಉಣ್ಣೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಮಳೆ ನಿಂತ ಮೇಲೆ, ಬೇಸಿಗೆ ಮುಗಿಯುವ ತನಕ ಇದರ ಕಾಲ. ಹೊರಡುವ ಮೊದಲು ಆ ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ. ಉಣುಗು ದೂರ ಇಡುವ ಎಣ್ಣೆ ಹಚ್ಚಿ. ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಗುವಿನ ಕಂಕುಳು, ಕಿವಿಯ ಹಿಂದೆ ನೋಡಿ. ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಜ್ವರ ಕಾಣಿಸುತ್ತದೆ. ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಅಂತ ಮೊದಲೇ ಹೇಳಿ. ಅದನ್ನು ಹೇಳದೆ ಬರುವವರೇ ಜಾಸ್ತಿ.

ಮಣಿಪಾಲದವಳು:

ತುಂಬಾ ಥ್ಯಾಂಕ್ಸ್. ಮಗ ಈಗಾಗಲೇ ಸಿಂಗಳೀಕದ ಚಿತ್ರ ಬರೆಯಲು ಕೂತಿದ್ದಾನೆ! ಇನ್ನೆರಡು ಪ್ರಶ್ನೆ. ಉಂಬಳ ಇರುತ್ತದಾ? ಅಪ್ಪನಿಗೆ ದಾರಿ ಆಗದಿದ್ದರೆ ಏನು ಮಾಡಲಿ?

ಹೆಬ್ರಿ ಕಡೆಯವ:

ಡಿಸೆಂಬರಿಗೆ ಉಂಬಳ ಕಡಿಮೆ. ತೋಡಿನ ಬದಿಯಲ್ಲಿ ಒಂದೆರಡು ಹತ್ತಬಹುದು. ಸಣ್ಣ ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿ ಇಟ್ಟುಕೊಳ್ಳಿ, ಮುಟ್ಟಿಸಿದರೆ ಬಿಡುತ್ತದೆ. ಅದರಿಂದ ಕಾಯಿಲೆ ಬರುತ್ತದೆ ಅಂತ ಹೆದರಬೇಡಿ.

ಅಪ್ಪನವರಿಗೆ ಒಂದು ಗಟ್ಟಿ ಕೋಲು ಇರಲಿ. ಹೋಗುವಾಗ ಅವರನ್ನೇ ಮುಂದೆ ಬಿಡಿ, ಎಲ್ಲರೂ ಅವರ ಹೆಜ್ಜೆಗೆ ನಡೆಯಲಿ. ಹುಡುಗನಿಗೂ ನೋಡಲು ಪುರುಸೊತ್ತು ಸಿಗುತ್ತದೆ. ಆಗುವುದಿಲ್ಲ ಅನಿಸಿದ ಜಾಗದಿಂದಲೇ ಹಿಂತಿರುಗಿ. ಜಲಪಾತದವರೆಗೆ ಹೋದರೂ ಗುಂಡಿಗೆ ಇಳಿಯಬೇಡಿ. ಆಳ ಇದೆ, ಬಂಡೆ ಜಾರುತ್ತದೆ.

ಬನ್ಸ್, ಅವಲಕ್ಕಿ, ಸ್ಟೀಲ್ ಬಾಟಲಿಯಲ್ಲಿ ಪುನರ್ಪುಳಿ ಪಾನಕ ತನ್ನಿ. ಪ್ಲಾಸ್ಟಿಕ್ ಬೇಡ. ಉಡುಪಿಯಿಂದ ಬೆಳಿಗ್ಗೆ ಆರಕ್ಕೆ ಹೊರಡಿ. ಹಕ್ಕಿ ಸಿಗುವುದು ಬಿಸಿಲು ಏರುವ ಮೊದಲು. 25ರ ನಂತರ ಕಾರುಗಳ ಸಾಲೇ ಇರುತ್ತದೆ, ಅದಕ್ಕಿಂತ ಮೊದಲಿನ ವಾರದಲ್ಲಿ ಶನಿವಾರ, ಭಾನುವಾರ ಬಿಟ್ಟು ಬನ್ನಿ. ಹಿಂದಿನ ದಿನ ಕಚೇರಿಗೆ ಒಂದು ಫೋನ್ ಮಾಡಿ ದಾರಿ ತೆರೆದಿದೆಯಾ ಅಂತ ಕೇಳಿಕೊಳ್ಳಿ.