ಅಪ್ಪ ಹೋಗಿ ಒಂದೂವರೆ ತಿಂಗಳಾಗ್ತಾ ಬಂತು, ಸೋಮವಾರದಿಂದ ಆಫೀಸುಗಳು ತೆರೆದಿವೆಯಂತೆ, ಮೊದಲು ಯಾವುದು ಮಾಡಿಸ್ಬೇಕು? ಅನುಭವ ಇದ್ದೋರು ಹೇಳಿ

ಎಲ್ರಿಗೂ ನಮಸ್ಕಾರ. ಇವತ್ತು ಜೂನ್ 23, 2021. ನಮ್ಮಪ್ಪ ಮೇ 11ಕ್ಕೆ ಕೋವಿಡ್ ಆಗಿ ಮಂಡ್ಯದ ಆಸ್ಪತ್ರೇಲಿ ತೀರ್ಕೊಂಡ್ರು, 53 ವರ್ಷ ಅಷ್ಟೇ. ಊರು ನಾಗಮಂಗಲ ತಾಲ್ಲೂಕು, ಅವ್ವ ಈಗ ಒಬ್ಳೇ ಇದಾಳೆ, ನಾನು ಪೀಣ್ಯದಲ್ಲಿ ಕೆಲಸಕ್ಕಿದೀನಿ. ತಿಥಿಗೆ ಹೋಗಿ ಬಂದಿದ್ದು ಬಿಟ್ರೆ ಒಂದು ಕಾಗದಾನೂ ಮಾಡಿಸಿಲ್ಲ, ಹೋಗೋಣ ಅಂದ್ರೆ ಜೂನ್ 14ಕ್ಕೆ ಬೇರೆ ಕಡೆ ಲಾಕ್‌ಡೌನ್ ಸಡಿಲ ಮಾಡಿದಾಗ ಮಂಡ್ಯ ಸಡಿಲ ಆಗದ 11 ಜಿಲ್ಲೆ ಲಿಸ್ಟಲ್ಲೇ ಉಳ್ಕೊಂಡಿತ್ತು, ಈಗ 21ರಿಂದ ಮಂಡ್ಯಾನೂ ತೆರೆದಿದೆ, ಅರ್ಧ ಸೀಟಿಗೆ ಬಸ್ಸೂ ಬಿಟ್ಟವ್ರೆ, ಸರ್ಕಾರಿ ಆಫೀಸಲ್ಲಿ 50 ಪರ್ಸೆಂಟ್ ಜನ ಇರ್ತಾರಂತೆ. ಮರಣ ಪ್ರಮಾಣ ಪತ್ರ, ಬ್ಯಾಂಕು, ಜಮೀನು, ಸರ್ಕಾರ ಕೊಡ್ತೀವಿ ಅಂದಿರೋ 1 ಲಕ್ಷ, ಇದ್ರಲ್ಲಿ ಯಾವುದಕ್ಕೆ ಮೊದಲು ಹೋಗ್ಬೇಕು, ಎಲ್ಲಿಗೆ ಹೋಗ್ಬೇಕು ಒಂದೂ ಗೊತ್ತಾಗ್ತಿಲ್ಲ. ಸಿಕ್ಕೋದು ಎರಡು ದಿನ ರಜೆ. ಅವ್ವನ್ನ ಆಫೀಸಿಂದ ಆಫೀಸಿಗೆ ಅಲೆಸೋಕೆ ಮನಸ್ಸಿಲ್ಲ. ಈ ಎರಡು ತಿಂಗಳಲ್ಲಿ ಇದನ್ನೆಲ್ಲ ಓಡಾಡಿ ಮಾಡಿಸಿದವರು ದಯವಿಟ್ಟು ಹೇಳಿ.

ಮಂಡ್ಯದಿಂದ

ಮಗಾ, ನಮ್ಮ ಯಜಮಾನ್ರೂ ಏಪ್ರಿಲ್ ಕೊನೇಲಿ ಹಿಂಗೇ ಹೋದ್ರು, ನಿನ್ನ ಕಷ್ಟ ನಂಗೆ ಅರ್ಥ ಆಯ್ತದೆ. ಒಂದು ಮಾತು ಮೊದ್ಲೇ ತಿಳ್ಕೊ, ಸಾವಿನ ನೋಂದಣಿ ಆಗೋದು ಜೀವ ಎಲ್ಲಿ ಹೋಯ್ತೋ ಅಲ್ಲಿ, ಊರಲ್ಲಿ ಅಲ್ಲ. ನಾನು ಇದು ಗೊತ್ತಿಲ್ದೆ ಊರಿನ ಗ್ರಾಮ ಲೆಕ್ಕಿಗರ ಹತ್ರ ಮೂರು ಸಲ ಹೋದೆ, ಪಾಪ ಅವ್ರೂ ಹುಡುಕಿದ್ರು, ಕೊನೆಗೆ ಅವ್ರೇ ಹೇಳಿದ್ರು ಅಮ್ಮಾ ನಿಮ್ಮವರು ಆಸ್ಪತ್ರೇಲಿ ಹೋಗಿದ್ರಿಂದ ಅಲ್ಲೇ ಬರ್ಸಿರ್ತಾರೆ ಹೋಗಿ ಅಂತ. ನಿಮ್ಮಪ್ಪಂದು ಸರ್ಕಾರಿ ಆಸ್ಪತ್ರೆ ಆಗಿದ್ರೆ ಅಲ್ಲೇ ಜನನ ಮರಣ ವಿಭಾಗ ಅಂತ ಒಂದು ಕೋಣೆ ಇರ್ತದೆ, ಪ್ರೈವೇಟ್ ಆಗಿದ್ರೆ ನಗರಸಭೆಗೆ ಕಳ್ಸಿರ್ತಾರೆ. ನಾಗಮಂಗಲಕ್ಕೆ ಹೋಗಿ ನಿಂತ್ಕೊಬ್ಯಾಡ.

ಇನ್ನೊಂದು, ಒಂದೇ ಕಾಪಿ ತಗೊಂಡು ಬರ್ಬ್ಯಾಡ. ಮೊದಲನೇದು ಫ್ರೀ, ಆಮೇಲಿಂದಕ್ಕೆ ಸ್ವಲ್ಪ ದುಡ್ಡು ಕಟ್ಟಬೇಕು, ಕಟ್ಟಿ ಐದಾರು ಈಸ್ಕೊ. ನಾನು ಒಂದೇ ತಂದು, ಅದನ್ನ ಬ್ಯಾಂಕಲ್ಲಿ ಕೊಟ್ಟು, ಜಮೀನಿಗೆ ಮತ್ತೆ ಮಂಡ್ಯಕ್ಕೆ ಬಂದೆ, ಆವಾಗ ಬಸ್ಸಿಲ್ಲ, ಹಾಲಿನ ಗಾಡೀಲಿ ಬಂದೆ.

ರಾಮನಗರ ಕಡೆಯಿಂದ

ಅಕ್ಕ ಹೇಳಿದ್ದು ಸರಿ ಇದೆ. ನಮ್ಮತ್ತೆ ಮನೇಲೇ ಹೋಗಿದ್ದು, ಹಾಗಾಗಿ ನಮಗೆ ಗ್ರಾಮ ಲೆಕ್ಕಿಗರೇ. ಆದ್ರೆ ನಾವು ಲಾಕ್‌ಡೌನ್ ಮುಗೀಲಿ ಅಂತ ಕಾದು ಕೆಟ್ವಿ. 21 ದಿನದೊಳಗೆ ಹೇಳಿದ್ರೆ ಏನೂ ಇಲ್ಲ, 30 ದಿನದೊಳಗೆ ಆದ್ರೆ ಸಣ್ಣ ದಂಡ, 30 ದಾಟಿದ್ರೆ ಅಫಿಡವಿಟ್ ಬೇಕು ಮೇಲಿನವರ ಅನುಮತಿ ಬೇಕು, ಒಂದು ವರ್ಷ ದಾಟಿದ್ರೆ ಕೋರ್ಟಿಗೇ ಹೋಗ್ಬೇಕು. ನಮಗೆ 38 ದಿನ ಆಗಿತ್ತು, ಅಫಿಡವಿಟ್‌ಗೆ ಅಂತ ನೋಟರಿ ಹುಡುಕ್ಕೊಂಡು ಎರಡು ದಿನ ಅಲೆದ್ವಿ. ತಮ್ಮಾ, ನಿಮ್ಮದು ಆಸ್ಪತ್ರೆಯವರೇ ಬರೆಸ್ಬೇಕಾಗಿದ್ದು, ಬರೆಸಿದಾರಾ ಇಲ್ವಾ ಅಂತ ಫೋನ್ ಮಾಡಿ ಖಾತ್ರಿ ಮಾಡ್ಕೊಂಡೇ ಹೊರಡಿ. ಇದನ್ನ ಓದ್ತಿರೋರಲ್ಲಿ ಯಾರ ಮನೇಲಾದ್ರೂ ಈ ತಿಂಗಳು ಹೀಗಾಗಿ ಇನ್ನೂ ಬರೆಸಿಲ್ಲ ಅಂದ್ರೆ ನಾಳೆನೇ ಹೋಗಿ, ಗ್ರಾಮ ಲೆಕ್ಕಿಗರಿಗೆ ಕೋವಿಡ್ ಡ್ಯೂಟಿನೂ ಇದೆ, ಕಚೇರೀಲಿ ಸಿಗದಿದ್ರೆ ಪಂಚಾಯ್ತಿ ಹತ್ರ ಕೇಳಿದ್ರೆ ಯಾವ ಊರಲ್ಲಿದಾರೆ ಹೇಳ್ತಾರೆ.

ಗದಗದಿಂದ

ತಮ್ಮಾ, ನಮ್ಮ ಅಣ್ಣಾರು ಮೇದಾಗ ಹ್ವಾದ್ರು, ನಮ್ಮ ವೈನಿ ಮತ್ತ ಇಬ್ರು ಸಣ್ಣ ಹುಡುಗ್ರು. ಆ 1 ಲಕ್ಷದ ಬಗ್ಗೆ ಹೇಳ್ತೀನಿ ಕೇಳು. ಮುಖ್ಯಮಂತ್ರಿ ಯಡಿಯೂರಪ್ಪ ಅವರು ಜೂನ್ 14ಕ್ಕ ಹೇಳ್ಯಾರ, ಬಿಪಿಎಲ್ ಮನ್ಯಾಗ ದುಡಿಯೋರು ಕೋವಿಡ್‌ನಿಂದ ಹ್ವಾದ್ರ ಆ ಮನಿಗೆ 1 ಲಕ್ಷ ಅಂತ. ನಾ ನಿನ್ನೆ ನಾಡಕಚೇರಿಗೆ ಹೋಗಿ ಕೇಳಿದೆ, ನಮ್ಮಲ್ಲಿ ಇನ್ನೂ ಅರ್ಜಿ ತಗೊಳ್ಳಾಕ ಶುರು ಮಾಡಿಲ್ಲ ಅಂದ್ರು. ಹಂಗಂತ ಸುಮ್ನ ಕುಂದ್ರಬ್ಯಾಡ, ಕಾಗದ ಈಗ ಕೂಡಿಸಿ ಇಡು. ಯಾಕಂದ್ರ ಮರಣ ಪ್ರಮಾಣ ಪತ್ರದಾಗ ಸಾವಿಗೆ ಕಾರಣ ಏನು ಅಂತ ಬರೆಯೂದಿಲ್ಲ, ಕಾನೂನೇ ಹಂಗ ಐತಿ, ಕೋವಿಡ್ ಅನ್ನೂ ಅಕ್ಷರ ಅದರಾಗ ಸಿಗೂದಿಲ್ಲ. ನಾವು ಅದು ಕೈಗೆ ಬಂದಾಗ ತಪ್ಪು ಬರದಾರ ಅಂತ ಜಗಳಾ ಮಾಡಾಕ ಹೋಗಿದ್ವಿ. ಅದಕ್ಕ ಕೋವಿಡ್ ಇತ್ತು ಅಂತ ತೋರ್ಸಾಕ ಬ್ಯಾರೆ ಕಾಗದ ಬೇಕು: ಆರ್‌ಟಿಪಿಸಿಆರ್ ರಿಪೋರ್ಟು, ಅದರ ಮ್ಯಾಲಿನ, ಟೆಸ್ಟಿಗೆ ಸ್ಯಾಂಪಲ್ ಕೊಟ್ಟಾಗ ಹಾಕೂ 13 ಅಂಕಿಯ ಎಸ್‌ಆರ್‌ಎಫ್ ನಂಬರು, ಪಾಸಿಟಿವ್ ಬಂದೋರಿಗೆ ಸರ್ಕಾರ ಕೊಡೂ ಪಿ ನಂಬರು, ಏನಾಗಿತ್ತು ಹೆಂಗ ಹ್ವಾದ್ರು ಅಂತ ಆಸ್ಪತ್ರಿಯವರು ಬರದು ಕೊಡೂ ಡೆತ್ ಸಮರಿ. ಡೆತ್ ಸಮರಿ ಕೇಳದಿದ್ರ ಕೊಡೂದಿಲ್ಲ, ಮಂಡ್ಯಕ್ಕ ಹೋದಾಗ ಅದನ್ನೂ ಕೇಳಿ ತಗೋ, ಅದಕ್ಕಂತ ಇನ್ನೊಮ್ಮೆ ಹೋಗೂದು ಬ್ಯಾಡ.

ಅವ್ವಾರಿಗೆ ವಿಧವಾ ವೇತನಕ್ಕೂ ನಾಡಕಚೇರ್ಯಾಗ ಅರ್ಜಿ ಹಾಕಿಸು. ತಿಂಗಳಿಗೆ 600 ರೂಪಾಯಿ, ಸಣ್ಣದು ಅನ್ನಬ್ಯಾಡ, ಅವ್ವಾರ ಹೆಸರಿಗೆ ಬರೂ ರೊಕ್ಕ ಅದು.

ಚಿಕ್ಕಬಳ್ಳಾಪುರದಿಂದ

ಅಣ್ಣಾ, ಗದಗದವರು ಹೇಳಿದ ಎಸ್‌ಆರ್‌ಎಫ್ ನಂಬರ್ ಮೆಸೇಜು ಬಂದಿರೋದು ನಿಮ್ಮ ತಂದೆಯವರ ಫೋನಿಗೇ. ಆ ಸಿಮ್ಮನ್ನ ದಯವಿಟ್ಟು ಬಂದ್ ಆಗೋಕೆ ಬಿಡಬೇಡಿ. ನಮ್ಮ ಡ್ಯಾಡಿ ಫೋನು ಆಸ್ಪತ್ರೆಯವರು ಕೊಟ್ಟ ಕವರಲ್ಲೇ ಇತ್ತು, ವಾಚು, ಕನ್ನಡಕ, ಚಾರ್ಜರ್ ಜೊತೆ, ಅದನ್ನ ಬಿಚ್ಚೋಕೇ ಆಗ್ದೆ ಬೀರು ಮೇಲೆ ಇಟ್ಬಿಟ್ಟಿದ್ವಿ. ತಿಂಗಳಾದ್ಮೇಲೆ ತೆಗೆದು ಚಾರ್ಜ್ ಹಾಕಿದ್ರೆ ಟೆಸ್ಟಿನ ಮೆಸೇಜು, ಗ್ಯಾಸ್ ಬುಕಿಂಗು, ಇನ್ಶೂರೆನ್ಸ್ ಕಂತಿಂದು ಎಲ್ಲಾ ಸಾಲಾಗಿ ಬಂತು. ಡ್ಯಾಡಿ ಒಂದು ಪಾಲಿಸಿ ಮಾಡಿಸಿದ್ರು ಅಂತ ನಮಗೆ ಗೊತ್ತಾಗಿದ್ದೇ ಆವತ್ತು. ಸಣ್ಣ ರೀಚಾರ್ಜ್ ಹಾಕಿಸಿ, ಎಲ್ಲಾ ಮೆಸೇಜು ಸ್ಕ್ರೀನ್‌ಶಾಟ್ ತೆಗೆದಿಡಿ.

ತುಮಕೂರಿನಿಂದ, ಬ್ಯಾಂಕಲ್ಲಿ ಕೆಲಸ

ಫೋನ್ ಇಟ್ಕೊಳ್ಳಿ, ಆದ್ರೆ ಅದಕ್ಕೆ ಬರೋ ಓಟಿಪಿ ಹಾಕಿ ಅಥವಾ ತಂದೆಯವರ ಎಟಿಎಂ ಕಾರ್ಡಿಂದ ದುಡ್ಡು ಮಾತ್ರ ತೆಗೀಬೇಡಿ. ಗೊತ್ತಿಲ್ದೆ ತುಂಬಾ ಜನ ಮಾಡ್ತಿದಾರೆ, ಆಮೇಲೆ ಕ್ಲೇಮ್ ಹೊತ್ತಲ್ಲಿ ತೊಡಕಾಗುತ್ತೆ, ಅಣ್ಣತಮ್ಮಂದಿರ ಮಧ್ಯೆನೂ ಮಾತು ಬರುತ್ತೆ. ನಾಮಿನಿ ಅಂತ ಅಮ್ಮನ ಹೆಸರಿದ್ರೆ ಕ್ಲೇಮ್ ಫಾರಂ, ಮರಣ ಪತ್ರ, ಅಮ್ಮನ ಗುರುತಿನ ಚೀಟಿ ಇಷ್ಟು ಸಾಕು, ಕಾಗದ ಎಲ್ಲಾ ಸರಿ ಇದ್ರೆ 15 ದಿನದಲ್ಲಿ ಮುಗಿಸ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ.

ಈಗ ಒಂದು ಕೆಲಸ ಮಾಡಿ. ಪಾಸ್‌ಬುಕ್ ತೆಗೆದು 2020ರ ಮೇ ಕೊನೆ, ಜೂನ್ ಮೊದಲ ದಿನಗಳ ಎಂಟ್ರಿ ನೋಡಿ, 330 ರೂಪಾಯಿ ಕಟ್ ಆಗಿದೆಯಾ ಅಂತ. ಆಗಿದ್ರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 55 ವರ್ಷದ ತನಕ ಇರುತ್ತೆ, ಯಾವ ಕಾರಣಕ್ಕೆ ಹೋದ್ರೂ ನಾಮಿನಿಗೆ 2 ಲಕ್ಷ ಬರುತ್ತೆ. ಅದರ ವರ್ಷ ಜೂನ್ 1ರಿಂದ ಮೇ 31, ನಿಮ್ಮ ತಂದೆ ಮೇ 11ಕ್ಕೆ ಹೋಗಿರೋದ್ರಿಂದ ಹೋದ ವರ್ಷ ಕಟ್ಟಿದ್ದೇ ಲೆಕ್ಕಕ್ಕೆ ಬರುತ್ತೆ. 12 ರೂಪಾಯಿ ಕಟ್ ಆಗಿದ್ರೆ ಅದು ಬೇರೆ ವಿಮೆ, ಆಕ್ಸಿಡೆಂಟಿಗೆ ಮಾತ್ರ. ನಮ್ಮ ಬ್ರಾಂಚಲ್ಲಿ ಈ ಎರಡು ತಿಂಗಳಲ್ಲಿ ಬಂದ ಎಷ್ಟೋ ಹೆಣ್ಮಕ್ಕಳಿಗೆ ಗಂಡನ ಅಕೌಂಟಲ್ಲಿ ಈ 330 ಇರೋದೇ ಗೊತ್ತಿರ್ಲಿಲ್ಲ, ಉಳಿದಿರೋ ಎರಡು ಮೂರು ಸಾವಿರ ಕೇಳೋಕೆ ಬಂದಿದ್ರು. ನಾವೇ ಎಂಟ್ರಿ ನೋಡಿ ಕೂರಿಸಿ ಫಾರಂ ಬರೆಸಿದ್ವಿ. ಎಲ್ಲಾ ಕಡೆ ಹಾಗೆ ನೋಡಿ ಹೇಳೋಷ್ಟು ಪುರುಸೊತ್ತು ಇರಲ್ಲ, ನೀವೇ ಕೇಳಬೇಕು. ಪಿಎಫ್ ಇರೋ ಕೆಲಸದಲ್ಲಿ ಏನಾದ್ರೂ ಇದ್ರಾ ತಂದೆ? ಇದ್ರೆ ಅದರಲ್ಲೂ ವಿಮೆ ಇದೆ, ಈಗ 7 ಲಕ್ಷದವರೆಗೂ ಮಾಡಿದಾರೆ.

ಕೇಳಿದವರು

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಪಿಎಫ್ ಇಲ್ಲ ಸರ್, ಅಪ್ಪ ಬೇಸಾಯ, ಜೊತೆಗೆ ಗೂಡ್ಸ್ ಆಟೋ ಓಡಿಸ್ತಿದ್ರು. ಪಾಸ್‌ಬುಕ್ ಫೋಟೋ ಕಳ್ಸು ಅಂತ ಅವ್ವಂಗೆ ಹೇಳಿದೀನಿ, ಪಕ್ಕದ ಮನೆ ಹುಡುಗನ ಕೈಲಿ ಕಳಿಸ್ತಾಳೆ. ಶನಿವಾರ ಹೋಗಿ ಬರೋಣ ಅಂತಿದೀನಿ.

ಬೆಂಗಳೂರು, ಊರು ಕೆ.ಆರ್. ಪೇಟೆ

ಶನಿವಾರ ಬೇಡಿ ಬ್ರದರ್! ಶುಕ್ರವಾರ ಸಂಜೆ 7ರಿಂದ ಸೋಮವಾರ ಬೆಳಿಗ್ಗೆ 5ರ ತನಕ ವೀಕೆಂಡ್ ಕರ್ಫ್ಯೂ ಇದೆ, ಅದೂ ಅಲ್ದೆ 26 ನಾಲ್ಕನೇ ಶನಿವಾರ, ಕರ್ಫ್ಯೂ ಇಲ್ದಿದ್ರೂ ಆಫೀಸು, ಬ್ಯಾಂಕು ಎರಡೂ ಇರಲ್ಲ. ಸೋಮವಾರ, ಮಂಗಳವಾರ ರಜೆ ಹಾಕಿ. ಮೊದಲ ದಿನ ಸೀದಾ ಮಂಡ್ಯ ಆಸ್ಪತ್ರೆ, ಅಲ್ಲಿ ಕೆಲಸ ಮುಗಿಸ್ಕೊಂಡು ಊರಿಗೆ. ಎರಡನೇ ದಿನ ನಾಗಮಂಗಲ. ಬರೋವಾಗ ಬೆಳ್ಳೂರು ಕ್ರಾಸಿಂದ ಕುಣಿಗಲ್ ಮೇಲೆ ಬಂದ್ರೆ ಪೀಣ್ಯಕ್ಕೆ ಸಲೀಸು, ಆದ್ರೆ ಸಂಜೆ 7ಕ್ಕೆ ಕರ್ಫ್ಯೂ ಅಂತ ನೆನಪಿರ್ಲಿ, ಅರ್ಧ ಸೀಟು ತುಂಬಿದ್ರೆ ಹತ್ತಿಸ್ಕೊಳಲ್ಲ, ಮೂರು ಗಂಟೆಗೆಲ್ಲ ಬಸ್ಸಿಗೆ ನಿಂತಿರಿ. 50 ಪರ್ಸೆಂಟ್ ಅಂದ್ರೆ ಒಬ್ಬರು ಬಂದ ದಿನ ಇನ್ನೊಬ್ಬರು ಬರಲ್ಲ, ನಮ್ಮ ಫೈಲ್ ನೋಡೋರು ಯಾವ ದಿನ ಇರ್ತಾರೆ ಅಂತ ಕೇಳದೆ ಹೋಗಿ ನಾನು ಒಂದು ಪೂರ್ತಿ ದಿನ ಕಳ್ಕೊಂಡೆ.

ಮಂಡ್ಯದಿಂದ

ಮಗಾ ಇನ್ನೊಂದು ಮರ್ತಿದ್ದೆ. ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಕೌಂಟರ್ ಬಿಟ್ಟು ಅಲ್ಲಾಡ್ಬ್ಯಾಡ, ನಿಮ್ಮಪ್ಪನ ಆಧಾರ್ ಪಕ್ಕದಲ್ಲಿ ಇಟ್ಕೊಂಡು ಒಂದೊಂದು ಅಕ್ಷರ ನೋಡು. ನಮ್ಮೋರ ಆಧಾರಲ್ಲಿ ಹೆಸರಿನ ಕೊನೇಲಿ ಗೌಡ ಅಂತ ಅದೆ, ಆಸ್ಪತ್ರೇಲಿ ಸೇರ್ಸೋವಾಗ ಯಾರೋ ಅರ್ಜೆಂಟಲ್ಲಿ ಬರೀ ಹೆಸರು ಹೇಳವ್ರೆ, ಅದೇ ಬಂದ್ಬಿಡ್ತು. ಆ ಎರಡಕ್ಷರಕ್ಕೆ ಬ್ಯಾಂಕಲ್ಲಿ ವಾಪಸ್ ಕಳ್ಸಿದ್ರು.

ಕೇಳಿದವರು, ಜುಲೈ 1

ಹೋಗಿ ಬಂದೆ. ಸೋಮವಾರ ಹನ್ನೊಂದು ಗಂಟೆಗೆ ಆಸ್ಪತ್ರೇಲಿದ್ದೆ, ನೋಂದಣಿ ಆಗಿತ್ತು, ಆರು ಕಾಪಿ, ಡೆತ್ ಸಮರಿ ಎರಡೂ ಸಿಕ್ತು. ಮಂಡ್ಯದ ಅಮ್ಮ ಹೇಳಿದಂಗೆ ಆಧಾರ್ ಇಟ್ಕೊಂಡು ನೋಡಿದ್ರೆ ನಮ್ಮ ತಾತನ ಹೆಸರು ತಪ್ಪಾಗಿತ್ತು, ಅಲ್ಲೇ ಅರ್ಜಿ ಬರ್ಕೊಟ್ಟೆ, ಸರಿ ಮಾಡಿ ಮಧ್ಯಾಹ್ನ ಕೊಟ್ರು. ನಾಡಕಚೇರೀಲಿ ವಂಶವೃಕ್ಷಕ್ಕೆ, ವಿಧವಾ ವೇತನಕ್ಕೆ ಅರ್ಜಿ ಹಾಕಿದೀವಿ, ವಂಶವೃಕ್ಷ ಬಂದ್ಮೇಲೆ ಪೌತಿ ಖಾತೆಗೆ, ಅಂದ್ರೆ ಅಪ್ಪನ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಕೊಡಿ ಅಂದ್ರು.

ತುಮಕೂರಿನ ಸರ್, ಪಾಸ್‌ಬುಕ್ಕಲ್ಲಿ 330 ಇದೆ. 2018, 2019, 2020, ಮೂರು ವರ್ಷಾನೂ ಇದೆ. ಫಾರಂ ಕೊಟ್ಟು ಬಂದಿದೀವಿ, ನಾಮಿನಿ ಅವ್ವನೇ. ಈ ವರ್ಷ ಅಪ್ಪ ಹೋದ್ಮೇಲೂ ಮತ್ತೆ 330 ಕಟ್ ಆಗಿದೆ, ಅದನ್ನ ವಾಪಸ್ ಕೇಳ್ಬೇಕಾ ಸರ್?

ತುಮಕೂರಿನಿಂದ, ಬ್ಯಾಂಕಲ್ಲಿ ಕೆಲಸ

ಕೇಳಿ. ಕ್ಲೇಮ್ ಜೊತೆಗೇ ಒಂದು ಬಿಳಿ ಹಾಳೇಲಿ, ಇಂಥ ದಿನ ತೀರಿಕೊಂಡಿದಾರೆ, ಆಮೇಲೆ ಕಟ್ ಆಗಿದೆ ಅಂತ ಬರೆದು ಮರಣ ಪತ್ರದ ಜೆರಾಕ್ಸ್ ಇಟ್ಟು ಕೊಡಿ, ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ. ಅಮ್ಮನಿಗೆ ಬೇರೆ ಅಕೌಂಟ್ ಇದೆಯಾ? ಇಲ್ಲಾಂದ್ರೆ ಈ ವಾರಾನೇ ಮಾಡಿಸಿ, 2 ಲಕ್ಷ ಬರೋದು ಅವರ ಅಕೌಂಟಿಗೇ.