ನುಸಿ ಗುಳಿಗೆ ಬೇಡ, ಮೊದಲು ಬೀರು ಖಾಲಿ ಮಾಡು

ಪುಟ್ಟಿ, ನಿನ್ನ ಮೆಸೇಜು ಈಗ ನೋಡ್ದೆ. ಸೀರೆ ಫೋಟೋನೂ ದೊಡ್ಡದು ಮಾಡ್ಕೊಂಡು ನೋಡ್ದೆ, ಹೊಟ್ಟೆ ಉರೀತು ಕಣೇ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಲ್ಲೇ ಹೇಳ್ಬಿಡ್ತೀನಿ. ಉದ್ದ ಆಗುತ್ತೆ, ಮಗು ಮಲಗಿದ್ದಾಗ ಕೇಳಿಸ್ಕೋ. ಉಳಿದೋರೂ ಕೇಳಿ, ಎಲ್ಲರ ಮನೇಲೂ ರೇಷ್ಮೆ ಇದೆ.

ನಿನ್ನ ಮದುವೆ ಮೈಸೂರು ಸಿಲ್ಕ್ ಸೆರಗಿನ ಹತ್ರ ಸಣ್ಣ ಸಣ್ಣ ತೂತು, ಮಗುಗೆ ಅಂತ ಇಟ್ಟಿದ್ದ ಉಲ್ಲನ್ ಕುಲಾವಿನೂ ಅಲ್ಲಲ್ಲಿ ತಿಂದುಹೋಗಿದೆ. ಅತ್ತಿಗೆ ನುಸಿ ಗುಳಿಗೆ ಹಾಕು ಅಂದಿದ್ದಾರೆ, ಹಸುಗೂಸು ಇರೋ ಮನೇಲಿ ಹಾಕಬಹುದಾ ಅಂತ ನೀನು ಕೇಳಿದ್ದೀಯ. ಬೇಡಮ್ಮ. ಅತ್ತಿಗೆ, ನೀವು ಒಳ್ಳೇದಕ್ಕೇ ಹೇಳಿದ್ದು, ನಮ್ಮ ಕಾಲದಲ್ಲಿ ಎಲ್ಲರ ಟ್ರಂಕಲ್ಲೂ ಅದೇ ಇರ್ತಿತ್ತು. ಆದ್ರೆ ಆ ಗುಳಿಗೆಯಲ್ಲಿರೋ ನಾಫ್ತಲೀನ್ ಆವಿ ಬಟ್ಟೆಗೆ ಹಿಡ್ಕೊಳ್ಳುತ್ತೆ. ಜಿ6ಪಿಡಿ ಅನ್ನೋ ಕಿಣ್ವ ಕಡಿಮೆ ಇರೋ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ನಿನ್ನ ಮಗುಗೆ ಆ ಕೊರತೆ ಇದೆಯೋ ಇಲ್ವೋ ಮುಖ ನೋಡಿ ಹೇಳೋಕಾಗಲ್ಲ. ಗುಳಿಗೆ ಜೊತೆ ಇಟ್ಟಿದ್ದ ಹಳೇ ಬಟ್ಟೆ, ಹೊದಿಕೆ ಯಾರಾದ್ರೂ ತಂದುಕೊಟ್ರೆ, ಒಗೆದು, ವಾಸನೆ ಪೂರ್ತಿ ಹೋಗೋವರೆಗೂ ಗಾಳಿಗೆ ಹಾಕದೆ ಮಗು ಹತ್ರ ತರಲೇಬೇಡ.

ಈಗ ಹುಳದ ವಿಷಯ. ಬೀರು ತೆಗೆದಾಗ ಹೊಂಬಣ್ಣದ ಪುಟ್ಟ ಚಿಟ್ಟೆ ಥರದ್ದು ಕತ್ತಲೆ ಕಡೆ ಓಡುತ್ತಲ್ಲ, ಅದು ಬಟ್ಟೆ ತಿನ್ನಲ್ಲ, ತಿನ್ನೋಕೆ ಅದಕ್ಕೆ ಬಾಯೇ ಇಲ್ಲ. ಅದು ಇಡೋ ನಲವತ್ತು ಐವತ್ತು ಮೊಟ್ಟೆಯಿಂದ ಬರೋ ಮರಿಹುಳ ತಿನ್ನೋದು. ಉಣ್ಣೆ, ಕೂದಲು, ಗರಿ, ರೇಷ್ಮೆ, ಇಷ್ಟೇ ಅದರ ಊಟ. ಬೆವರು, ಪಾಯಸದ ಕಲೆ ಇರೋ ಜಾಗನ ಮೊದಲು ಹಿಡಿಯುತ್ತೆ. ಕಾಟನ್ ಸೀರೆಗೆ ತೂತಾಗಿದ್ರೆ ಅದು ಬೇರೆ ಕಥೆ. ಪುಸ್ತಕದಲ್ಲಿ ಓಡಾಡೋ ಸಿಲ್ವರ್‌ಫಿಶ್ ಗಂಜಿ ಆಸೆಗೆ ಬಂದಿರುತ್ತೆ, ಗಂಜಿ ಹಾಕಿದ ಸೀರೆ ತಿಂಗಳುಗಟ್ಲೆ ಇಡಬೇಡಿ.

ನಿನ್ನ ಫೋಟೋದಲ್ಲಿ ಸೀರೆ ಹಿಂದಿನ ಗೋಡೆ ಮೇಲೆ ಸೌತೆ ಬೀಜದಂಥ ಬೂದು ಚೀಲ ಒಂದು ಅಂಟಿಕೊಂಡಿತ್ತು, ಗಮನಿಸಿದ್ಯಾ? ಅದು ಕಸ ಅಲ್ಲ. ಒಳಗೆ ಹುಳ ಇರುತ್ತೆ, ಎರಡೂ ತುದಿಯಿಂದ ತಲೆ ಹೊರಗೆ ಹಾಕುತ್ತೆ. ಬಟ್ಟೆ ಹುಳದ ನೆಂಟನೇ ಅದು. ಹಳೇ ಜೇಡರ ಬಲೆ, ಉದುರಿದ ತಲೆಕೂದಲು ತಿಂದ್ಕೊಂಡಿರುತ್ತೆ, ಉಣ್ಣೆ ಸಿಕ್ಕಿದ್ರೆ ಅದನ್ನೂ ಬಿಡಲ್ಲ. ತೇವ ಇರೋ ಗೋಡೆ ಅಂದ್ರೆ ಅದಕ್ಕೆ ಇಷ್ಟ. ಅದಕ್ಕೇ ಹೇಳೋದು, ಬೀರು ಒಳಗೆ ಮಾತ್ರ ನೋಡಿದ್ರೆ ಸಾಲದು. ಬಲೆ ಹೊಡಿಸು, ಬೀರು ಹಿಂದೆ, ಮಂಚದ ಕೆಳಗೆ ಸೇರಿರೋ ಕೂದಲಿನ ಉಂಡೆ ಗುಡಿಸು. ಮಂಡ್ಯದ ನಿಮ್ಮ ಮನೆ ಹಿಂದಿನ ಕಿಟಕಿ ಸಜ್ಜೆ ಮೇಲೆ ಪಾರಿವಾಳ ಗೂಡು ಕಟ್ಟಿತ್ತಲ್ಲ, ಹಾರಿಹೋಗಿದ್ರೆ ಆ ಹಳೇ ಗೂಡು ತೆಗೆಸಿಬಿಡು. ಗರಿ ತುಂಬಿರೋ ಗೂಡಲ್ಲಿ ಹುಳ ಹೆಚ್ಚಿ ಕಿಟಕಿ ಸಂದಿಯಿಂದ ಒಳಗೆ ಬರುತ್ತೆ. ತೆಗೆಯೋರು ಮೂಗಿಗೆ ಬಟ್ಟೆ ಕಟ್ಕೊಳ್ಳಲಿ, ನೀನು ಮಾತ್ರ ಮಗುನ ಎತ್ಕೊಂಡು ಅಲ್ಲಿಗೆ ಹೋಗಬೇಡ.

ಇನ್ನೊಂದು ಜಾಗ ಯಾರಿಗೂ ನೆನಪಾಗಲ್ಲ, ಗೊಂಬೆ ಪೆಟ್ಟಿಗೆ! ಪಟ್ಟದ ಗೊಂಬೆಗೆ ಹಳೇ ರೇಷ್ಮೆ ಸೀರೆ ತುಂಡಲ್ಲೇ ಉಡಿಸಿರ್ತೀವಿ. ದಸರಾ ಮುಗೀತಿದ್ದ ಹಾಗೆ ಅಟ್ಟಕ್ಕೆ ಹಾಕಿದ್ರೆ ಮುಂದಿನ ದಸರಾವರೆಗೂ ಯಾರೂ ಮುಟ್ಟಲ್ಲ. ಕತ್ತಲೆ, ರೇಷ್ಮೆ, ಯಾರ ಕಾಟನೂ ಇಲ್ಲ. ಹುಳಕ್ಕೆ ಇನ್ನೇನು ಬೇಕು? ಗೊಂಬೆ ರಕ್ತಚಂದನದ್ದೇ ಆಗಿರಲಿ, ಅದರ ಮೈಮೇಲಿರೋ ಬಟ್ಟೆನ ಅದು ಕಾಯಲ್ಲ. ಬಟ್ಟೆ ಬಿಚ್ಚಿ, ಕೊಡವಿ, ಬೇರೆ ಕಟ್ಟಿಡಿ. ನಡುವೆ ಒಂದ್ಸಲ ಇಳಿಸಿ ನೋಡಿ.

ಪುಟ್ಟಿ, ನೀನು ಮಾಡಬೇಕಾದ್ದು ಇದು. ಬೀರು ಪೂರ್ತಿ ಖಾಲಿ ಮಾಡಿಸು. ಮೂಲೆ, ಸಂದಿ, ಡ್ರಾಯರ್ ಹಳಿ ಎಲ್ಲಾ ವ್ಯಾಕ್ಯೂಮ್ ಹಾಕಿಸು, ಆ ಧೂಳಿನ ಚೀಲ ಮನೇಲಿಟ್ಕೋಬೇಡ. ರೇಷ್ಮೆ ಸೀರೆನ ಬಿಡಿಸಿ ನೆರಳಲ್ಲಿ ಗಾಳಿಗೆ ಹಾಕು, ಬಿಸಿಲಿಗೆ ಹಾಕಿದ್ರೆ ಬಣ್ಣ ಹೋಗುತ್ತೆ. ಮೆತ್ತನೆ ಬ್ರಷ್ಷಲ್ಲಿ ಮಡಿಕೆ, ಅಂಚು, ಫಾಲ್ ಹೊಲಿಗೆ ಒಳಗೆಲ್ಲಾ ಉಜ್ಜು, ಮೊಟ್ಟೆ ಅಂಟಿರೋದು ಅಲ್ಲೇ. ಮೊಟ್ಟೆ ಉಳಿದಿದೆ ಅಂತ ಅನುಮಾನ ಇದ್ರೆ ಫ್ರೀಜರ್ ಇದೆಯಲ್ಲ. ಮೈನಸ್ 18 ಡಿಗ್ರಿ ಇರೋದಾದ್ರೆ, ಸೀರೆನ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಗಾಳಿ ಹೊರಗೆ ಒತ್ತಿ, ಬಿಗಿಯಾಗಿ ಮುಚ್ಚಿ ಎರಡು ವಾರ ಇಡು. ಹೊರಗೆ ತೆಗೆದ ಮೇಲೆ ಪೂರ್ತಿ ತಣ್ಣಗಿರೋದು ಹೋಗೋವರೆಗೂ ಕವರ್ ಬಿಚ್ಚಬೇಡ, ಜರಿ ಮೇಲೆ ನೀರು ಕೂತುಬಿಡುತ್ತೆ. ಕುಲಾವಿಗೂ ಹೀಗೇ ಮಾಡಿ ಆಮೇಲೆ ಒಗೆದುಬಿಡು. ಇಷ್ಟೆಲ್ಲಾ ಆದ ಮೇಲೆ ಸೀರೆನ ತೆಳು ಕಾಟನ್ ಪಂಚೆಯಲ್ಲಿ ಸುತ್ತಿ ಇಡು. ಮಾಮೂಲಿಯಾಗಿ ಇಡೋಕೆ ಪ್ಲಾಸ್ಟಿಕ್ ಬೇಡ, ಒಳಗೇ ತೇವ ನಿಲ್ಲುತ್ತೆ. ಆಗಾಗ ಮಡಿಕೆ ಬದಲಾಯಿಸು.

ವಾಸನೆ ಸಾಮಾನು ಕೊನೆಗೆ ಬರಬೇಕು, ಎಲ್ಲರೂ ಮೊದಲು ಅದನ್ನೇ ಹಾಕ್ತಾರೆ. ಬೇವು, ಲಾವಂಚ, ಲವಂಗ, ಬಜೆ, ಯಾವುದೂ ಆಗಲೇ ಕೂತಿರೋ ಹುಳನ ಕೊಂದೇ ಕೊಲ್ಲುತ್ತೆ ಅಂತ ನಂಬೋಕಾಗಲ್ಲ. ಹೊಸದಾಗಿ ಬರೋದನ್ನ ದೂರ ಇಡೋಕೆ ಮಾತ್ರ, ಅದೂ ಬಾಗಿಲು ಬಿಗಿಯಾಗಿ ಮುಚ್ಚೋ ಬೀರುವಲ್ಲಿ, ವಾಸನೆ ಗಟ್ಟಿ ಇರೋವರೆಗೆ. ನನ್ನ ನಂಬಿಕೆ ಬಜೆ ಮೇಲೆ. ಉಣ್ಣೆ ಬಟ್ಟೆ ನಡುವೆ ಬಜೆ ಇಡೋದು ಹಳೇ ರೂಢಿ. ಒಣಗಿದ ಬೇರನ್ನ ಜಜ್ಜಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪ್ರತಿ ಅರೆಯಲ್ಲೂ ಇಡು. ಬೇವಿನ ಸೊಪ್ಪು ಹಾಕೋದಾದ್ರೆ ಗರಿಗರಿಯಾಗಿ ಒಣಗಿರಲಿ, ಹಸಿ ಸೊಪ್ಪು ಕಲೆ ಮಾಡುತ್ತೆ. ಲಾವಂಚ ಒಳ್ಳೇ ಘಮ, ಹಾಕು. ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಇಡೋರೂ ಇದ್ದಾರೆ, ಘಮಕ್ಕೆ ಸರಿ, ಹುಳಕ್ಕೆ ಅದು ಲೆಕ್ಕಕ್ಕಿಲ್ಲ. ಯಾವುದೇ ಆದ್ರೂ ಗಂಟು ಜರಿಗೆ ತಾಗಬಾರದು, ವಾಸನೆ ಕಮ್ಮಿ ಆದಾಗ ಬದಲಾಯಿಸಬೇಕು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಗಿಡಮೂಲಿಕೆ ಅಂತ ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ. ಕರ್ಪೂರ ಒಂಚೂರು ಹೊಟ್ಟೆಗೆ ಹೋದ್ರೂ ಮಗುಗೆ ಫಿಟ್ಸ್ ಬರಬಹುದು. ಅದನ್ನ ಬೀರುಗೂ ಹಾಕಬೇಡ ಅಂತೀನಿ. ಬಜೆನೂ ಅಷ್ಟೇ, ಬೀರುಗೆ ತಂದಿದ್ದನ್ನ ತೇಯ್ದು ನೆಕ್ಕಿಸೋಕೆ ಯಾರೂ ಹೋಗಬೇಡಿ. ಡಾಕ್ಟರನ್ನ ಕೇಳದೆ ಎಳೇ ಮಗುಗೆ ಅದೇನೂ ಬೇಡ.

ಸೀರೆ ಬಗ್ಗೆ ಅಳಬೇಡ. ನಮ್ಮೂರ ಫ್ಯಾಕ್ಟರಿ 1912ರಿಂದ ನೇಯ್ತಿರೋ ರೇಷ್ಮೆ ಅದು, ನಾಲ್ಕು ತೂತಿಗೆಲ್ಲಾ ಮುಗಿದುಹೋಗಲ್ಲ. ಬ್ರಷ್, ಫ್ರೀಜರ್ ಕೆಲಸ ಆದ ಮೇಲೆ ಕಳಿಸು, ಇಲ್ಲಿ ಚೆನ್ನಾಗಿ ರಫು ಮಾಡೋರಿದ್ದಾರೆ, ಕೊಡ್ತೀನಿ. ಈ ವಾರ ದೇವರಾಜ ಮಾರ್ಕೆಟ್ ಕಡೆ ಹೋಗ್ತೀನಿ, ಗ್ರಂಧಿಗೆ ಅಂಗಡಿಯಲ್ಲಿ ಬಜೆ, ಲಾವಂಚ ತರ್ತೀನಿ. ನಿನ್ನ ಬೀರುಲಿ ಎಷ್ಟು ಅರೆ ಇದೆ ಅಂತ ಎಣಿಸಿ ಹೇಳು. ಅತ್ತಿಗೆ, ನಿಮಗೂ ಬೇಕಾ?