ಪುಟ್ಟಿ, ಮಾವ ಹೇಳಿದ ಮಾತ್ರೆ ತಗೋಬೇಡ

ಪುಟ್ಟಿ, ಸಾಗರದ ಅತ್ತೆ ಮಾತಾಡುತ್ತಿದ್ದೇನೆ. ರಾತ್ರಿ ನೀನು ಗುಂಪಿಗೆ ಹಾಕಿದ್ದನ್ನು ಬೆಳಿಗ್ಗೆ ಎದ್ದು ನೋಡಿದೆ. ಎಡಗಡೆ ತಿರುಗಿ ಮಲಗಿದರೆ ಎದೆಯಲ್ಲಿ ಒಂದು ಬಡಿತ ತಪ್ಪಿದ ಹಾಗಾಗುತ್ತದೆ, ಆಮೇಲೆ ಧಡ್ ಅಂತ ಒಂದು ಏಟು ಬೀಳುತ್ತದೆ, ಎದ್ದು ಕೂತು ವಾಚ್ ನೋಡಿದರೆ 112 ತೋರಿಸುತ್ತದೆ, ಇಪ್ಪತ್ತಾರಕ್ಕೇ ನನಗೆ ಹಾರ್ಟ್ ಅಟ್ಯಾಕ್ ಆಗುತ್ತಾ ಅಂತ ಕೇಳಿದ್ದೀಯ. ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ಅದರ ಕೆಳಗೆ ಮೈಸೂರು ಮಾವ ಬರೆದಿದ್ದನ್ನು ಓದಿದ ಮೇಲಂತೂ ಕೂತಲ್ಲಿ ಕೂರಲು ಆಗಲಿಲ್ಲ. ತನಗೆ ಕೈ ನಡುಕಕ್ಕೆ ಡಾಕ್ಟರು ಬರೆದುಕೊಟ್ಟ ಪ್ರೊಪ್ರನೊಲಾಲ್ ಮಾತ್ರೆಯ ಫೋಟೋ ಹಾಕಿ, ಮೆಡಿಕಲ್ ಶಾಪಿನಲ್ಲಿ ತೋರಿಸಿ ತಗೋ, ಅರ್ಧ ನುಂಗು, ಎದೆ ತಣ್ಣಗಾಗುತ್ತದೆ ಅಂದಿದ್ದಾರೆ. ಅದಕ್ಕೆ ಎಷ್ಟು ಜನ ಹೆಬ್ಬೆರಳು ಎತ್ತಿದ್ದೀರಿ ನೋಡಿ!

ಬೇಡ ಪುಟ್ಟಿ. ಇನ್ನೊಬ್ಬರ ಹೆಸರಿಗೆ ಬರೆದ ಮಾತ್ರೆಯನ್ನು ಬಾಯಿಗೆ ಹಾಕಬೇಡ. ಅರ್ಧವೂ ಬೇಡ, ಕಾಲೂ ಬೇಡ. ಮಾವ ನಿನ್ನ ಒಳ್ಳೆಯದಕ್ಕೇ ಹೇಳಿದ್ದು, ಅದು ನನಗೆ ಗೊತ್ತು. ಆದರೆ ನಮ್ಮ ಮನೆಯಲ್ಲಿ ಇದೇ ಮಾತ್ರೆಯಿಂದ ಏನಾಯಿತು ಅನ್ನುವುದು ಈಗಿನ ಮಕ್ಕಳಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಿನ್ನ ದೊಡ್ಡಪ್ಪ ಅದನ್ನು ಬಾಯಿ ಬಿಟ್ಟು ಹೇಳುವ ಮನುಷ್ಯನಲ್ಲ.

ಅದು 1984ನೇ ಇಸವಿ. ಅವನಿಗೆ ಆಗ ಇಪ್ಪತ್ನಾಲ್ಕು. ಶಿವಮೊಗ್ಗದಲ್ಲಿ ಒಂದು ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ. ರಾತ್ರಿ ಎರಡು ಗಂಟೆಯವರೆಗೆ ದೀಪ, ನಿದ್ದೆ ಬರಬಾರದು ಅಂತ ಲೋಟಗಟ್ಟಲೆ ಕಾಫಿ, ಊಟ ಹೋಟೆಲಿನದು. ನಿನ್ನ ಹಾಗೆಯೇ ಅವನಿಗೂ ಶುರುವಾಯಿತು. ಮಲಗಿದಾಗ ಎದೆಯಲ್ಲಿ ಏನೋ ಹೊರಳಿದ ಹಾಗೆ, ಒಂದು ಗಳಿಗೆ ಎಲ್ಲ ನಿಂತ ಹಾಗೆ, ಆಮೇಲೆ ಗುದ್ದಿದ ಹಾಗೆ. ಮನೆಗೆ ಕಾಗದ ಬರೆಯಲಿಲ್ಲ, ಅಪ್ಪ ಹೆದರುತ್ತಾರೆ ಅಂತ. ಅದೇ ಊರಿನಲ್ಲಿ ನಮ್ಮ ಸಂಬಂಧಿಕರೊಬ್ಬರು ಇದ್ದರು, ಹೆಸರು ಬೇಡ, ಹಿರಿಯರಿಗೆಲ್ಲ ಗೊತ್ತಿದೆ. ಅವರ ಹತ್ತಿರ ಹೇಳಿಕೊಂಡ. ಅವರು ತಮ್ಮ ಡಬ್ಬಿಯಿಂದ ಇದೇ ಪ್ರೊಪ್ರನೊಲಾಲ್ ತೆಗೆದುಕೊಟ್ಟು, ರಾತ್ರಿ ಮಲಗುವ ಮುಂಚೆ ನುಂಗು, ಎದೆ ಓಡುವುದು ನಿಲ್ಲುತ್ತದೆ ಅಂದರು.

ಎದೆ ನಿಧಾನವಾಯಿತು, ಸುಳ್ಳಲ್ಲ. ಆದರೆ ಅವನಿಗೆ ಚಿಕ್ಕಂದಿನಿಂದ ಗೂರಲು, ಅಂದರೆ ಅಸ್ತಮಾ, ಇತ್ತಲ್ಲ? ಮಳೆಗಾಲ ಬಂತೆಂದರೆ ಅಮ್ಮ ಅವನನ್ನು ರಾತ್ರಿಯಿಡೀ ಕೂರಿಸಿಕೊಂಡೇ ಇರುತ್ತಿದ್ದಳು. ಕಾಲೇಜಿಗೆ ಬರುವ ಹೊತ್ತಿಗೆ ಪೂರ್ತಿ ಬಿಟ್ಟು ಹೋಗಿತ್ತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಲು ಶುರುವಾಯಿತು. ಎದೆಯಲ್ಲಿ ಸುಯ್ ಸುಯ್ ಅಂತ ಶಬ್ದ. ಕೂತರೂ ಆಗದು, ನಿಂತರೂ ಆಗದು. ಒಂದು ಮಾತು ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲವಂತೆ. ಪಕ್ಕದ ರೂಮಿನ ಹುಡುಗರು ನೋಡಿದಾಗ ತುಟಿ ನೀಲಿಯಾಗಿತ್ತು. ಆಗ ಯಾವ 108? ಅಡಿಕೆ ಮಂಡಿಯ ಒಂದು ಜೀಪು ನಿಲ್ಲಿಸಿ, ಅದರಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಆಮ್ಲಜನಕ ಹಾಕಿ, ನರಕ್ಕೆ ಅಮಿನೋಫಿಲಿನ್ ಇಂಜೆಕ್ಷನ್ ಕೊಟ್ಟು ಉಳಿಸಿದರು. ನಾನು ಮತ್ತು ನಮ್ಮ ಮನೆಯವರು ಮರುದಿನ ಮೊದಲ ಬಸ್ಸಿಗೆ ಹೋದೆವು. ಮಂಚದ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಗೆ ಊರಿಕೊಂಡು ಕೂತಿದ್ದ. ಮುಖ ನೋಡಿ ನನಗೆ ಗುರುತೇ ಸಿಗಲಿಲ್ಲ.

ಅಲ್ಲಿದ್ದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಈ ಮಾತ್ರೆ ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ, ಆದರೆ ಗೂರಲು ಇರುವವರಿಗೆ ಶ್ವಾಸಕೋಶದ ಕೊಳವೆಗಳನ್ನೂ ಬಿಗಿ ಮಾಡಿಬಿಡುತ್ತದೆ, ಕೊಡುವ ಮುಂಚೆ ಕೇಳಲೇಬೇಕು ಅಂತ. ಅದೇ ಮಾತ್ರೆ ಬೇಕಾದವರಿಗೆ ಒಳ್ಳೆಯದೇ, ಮೈಸೂರು ಮಾವನಿಗೆ ಕೈ ನಡುಕ ಕಡಿಮೆಯಾಗಿಲ್ಲವಾ? ಆಮೇಲೆ ಅವನಿಗೆ ಇಸಿಜಿ ಮಾಡಿದರು, ರಕ್ತ ನೋಡಿದರು, ಎರಡು ದಿನ ಇಟ್ಟುಕೊಂಡರು. ಹೃದಯದಲ್ಲಿ ಏನೂ ಇರಲಿಲ್ಲ. ನಿದ್ದೆಗೇಡು, ಕಾಫಿ, ಪರೀಕ್ಷೆಯ ಚಿಂತೆಗೆ ಆಗಾಗ ಒಂದೊಂದು ಬಡಿತ ಅವಸರಕ್ಕೆ ಬೀಳುತ್ತಿತ್ತು, ಅಷ್ಟೇ. ಸುಮ್ನೆ ಬಿಟ್ಟಿದ್ದರೂ ಏನೂ ಆಗದ ಕಾಯಿಲೆಗೆ ಔಷಧಿ ಕೊಟ್ಟು ಜೀವ ತೆಗೆಯುವ ಹಾಗಾಯಿತಲ್ಲ ಅಂತ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ.

ಪುಟ್ಟಿ, ನಿನಗೂ ಐದಾರು ವರ್ಷದವರೆಗೆ ಗೂರಲು ಇತ್ತು. ನಿನಗೆ ನೆನಪಿರಲಿಕ್ಕಿಲ್ಲ. ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಾಗ ಅಡಿಕೆ ಸುಲಿಯುವ ಧೂಳಿಗೆ ನಿನಗೆ ಉಸಿರು ಕಟ್ಟಿ, ನಿನ್ನ ಅಪ್ಪ ಉಸಿರಿಗೆ ಎಳೆಯುವ ಪಂಪು ತಂದಿದ್ದ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ. ಇನ್ನೊಬ್ಬರಿಗೆ ಬರೆದುಕೊಟ್ಟ ಮಾತ್ರೆ ಬೇಡ. ಮಾವನದೂ ಬೇಡ, ರೂಮಿನ ಗೆಳತಿಯದೂ ಬೇಡ, ಇಂಟರ್ನೆಟ್ ನೋಡಿ ನೀನೇ ತರಿಸುವುದೂ ಬೇಡ. ಡಾಕ್ಟರು ಯಾವ ಮಾತ್ರೆ ಬರೆದರೂ ಮೊದಲು, ನನಗೆ ಗೂರಲು ಇತ್ತು ಅಂತ ಬಾಯಿ ಬಿಟ್ಟು ಹೇಳು.

ದೊಡ್ಡಪ್ಪನಿಗೆ ಮಾತ್ರೆ ಕೊಟ್ಟ ಆ ಸಂಬಂಧಿಕರು ಆಸ್ಪತ್ರೆಗೆ ಒಂದು ಸಲವೂ ಬರಲಿಲ್ಲ. ನಡೆದು ಬರುವಷ್ಟು ಹತ್ತಿರ ಮನೆ. ಅದೂ ಹೋಗಲಿ ಅನ್ನೋಣ. ಆದರೆ ತಮ್ಮ ಮಾತ್ರೆಯ ವಿಷಯ ಮುಚ್ಚಿಟ್ಟು, ಹುಡುಗನಿಗೆ ಹಾರ್ಟ್ ಇದೆ, ಆಸ್ಪತ್ರೆಯಲ್ಲಿ ಸಾಯುವ ಹಾಗಾಗಿದ್ದ ಅಂತ ಊರು ತುಂಬ ಹೇಳಿಕೊಂಡು ಬಂದರು. ಸೊರಬದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು, ಜಾತಕ ಕೂಡಿತ್ತು, ಹುಡುಗಿಯ ಮನೆಯವರು ಕಾಫಿ ಕುಡಿದು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಅಪ್ಪ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಅವರ ಮನೆಗೆ ಹೋಗಿ, ಹೃದಯ ಸರಿಯಾಗಿದೆ ಅಂತ ಡಾಕ್ಟರೇ ಬರೆದಿದ್ದಾರೆ ನೋಡಿ ಅಂತ ತೋರಿಸಿದರು. ನಮ್ಮ ಅಪ್ಪ ಯಾರ ಮನೆ ಬಾಗಿಲಲ್ಲೂ ಹಾಗೆ ನಿಂತವರಲ್ಲ. ಅವರು ಚೀಟಿ ಬಿಡಿಸಿಯೂ ನೋಡಲಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ಕಳೆದ ವರ್ಷ ಒಂದು ಗೃಹಪ್ರವೇಶದಲ್ಲಿ ಕೂಡ ಒಬ್ಬರು, ನಿಮ್ಮ ತಮ್ಮನ ಹಾರ್ಟ್ ಈಗ ಹೇಗಿದೆ ಅಂತ ಕೇಳಿದರು. ಅವನು ಈಗಲೂ ಬೆಳಿಗ್ಗೆ ಎದ್ದು ತೋಟದ ಗುಡ್ಡ ಹತ್ತಿ ನೀರು ತಿರುಗಿಸಿ ಬರುತ್ತಾನೆ. ಅದನ್ನು ಯಾರೂ ಕೇಳುವುದಿಲ್ಲ.

ನಿನ್ನ ಅಮ್ಮನಿಗೂ ಒಂದು ಮಾತು. ಬೆಳಿಗ್ಗೆ ನನಗೆ ಫೋನ್ ಮಾಡಿ, ಇವಳಿಗೆ ಗಂಡು ನೋಡುತ್ತಿರುವಾಗ ಇದನ್ನೆಲ್ಲ ಗುಂಪಿನಲ್ಲಿ ಹಾಕುವುದಾ, ಅಳಿಸಲು ಹೇಳಿ ಅಂದಳು. ನಾನು ಹೇಳುವುದಿಲ್ಲ. ಮಗು ಹೆದರಿಕೊಂಡು ಮಧ್ಯರಾತ್ರಿ ಕೇಳಿದೆ. ನಮ್ಮ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳಬೇಕು? ಎದೆ ಡವಡವ ಅನ್ನುವುದನ್ನು ಕಾಯಿಲೆ ಅಂತ ಮುಚ್ಚಿಡುವುದು ನಮ್ಮ ಕಾಲಕ್ಕೇ ಮುಗಿಯಲಿ. ಹುಡುಗಿಯಾದರೆ ಇನ್ನೂ ಕಷ್ಟ. ಟೆನ್ಷನ್, ಗ್ಯಾಸು, ಮದುವೆಯಾದರೆ ಸರಿಹೋಗುತ್ತದೆ ಅಂತ ಹೇಳಿ ಕಳಿಸುತ್ತಾರೆ. ನಮ್ಮ ಆನಂದಪುರದ ಅಕ್ಕನಿಗೆ ಹಾಗೇ ಹೇಳಿ ಹೇಳಿ ಎರಡು ವರ್ಷ ಕಳೆದರು. ಕೈ ನಡುಕ, ಬೆವರು, ತೂಕ ಇಳಿಯುತ್ತಿತ್ತು, ಎದೆ ಸದಾ ಓಟ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಜಾಸ್ತಿ. ಔಷಧಿ ಶುರು ಮಾಡಿದ ಮೇಲೆ ತಿಂಗಳುಗಳಲ್ಲಿ ಎದೆ ಸುಮ್ಮನಾಯಿತು. ಹೆದರಿಕೆ ಅಂತ ಬೈಸಿಕೊಂಡ ಎರಡು ವರ್ಷ ಅವಳಿಗೆ ಯಾರು ವಾಪಸ್ ಕೊಡುತ್ತಾರೆ?

ಅಯ್ಯೋ, ನೀನು ಕೇಳಿದ್ದು ಈಗ ಏನು ಮಾಡಲಿ ಅಂತ ಅಲ್ವಾ. ಅದನ್ನು ಹೇಳದೆ ಎಲ್ಲೆಲ್ಲಿಗೋ ಹೋದೆ. ಕೇಳಿಸಿಕೋ. ಇದೆಲ್ಲ ಮನೆಯ ಅನುಭವ ಮತ್ತು ಡಾಕ್ಟರುಗಳು ನಮಗೆ ಹೇಳಿದ್ದು. ನಿನ್ನನ್ನು ಮುಟ್ಟಿ ನೋಡಿದ ಡಾಕ್ಟರು ಹೇಳಿದ್ದೇ ನಿನಗೆ ಲೆಕ್ಕ.

ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ನಿನಗೆ ಆಗುತ್ತಿರುವುದು ಬಡಿತದ ತಾಳದ ವಿಷಯ. ಎರಡೂ ಬೇರೆ. 2021ರ ಅಕ್ಟೋಬರಿನಲ್ಲಿ ಪುನೀತ್ ಹೋದಾಗಲೂ, 2025ರಲ್ಲಿ ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹಾರ್ಟ್ ಅಟ್ಯಾಕಿಗೆ ಹೋದ ಸುದ್ದಿ ಬಂದಾಗಲೂ, ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದರು. ಆ ಭಯ ನಿನ್ನ ತಲೆಯಲ್ಲೂ ಕೂತಿದೆ, ನನಗೆ ಅರ್ಥವಾಗುತ್ತದೆ. ಬಡಿತ ತಪ್ಪಿತು ಅನಿಸಿದಾಗ ಹೆಚ್ಚಿನ ಸಲ ಆಗುವುದೇನೆಂದರೆ, ಒಂದು ಬಡಿತ ಮುಂಚೆಯೇ ಬಿದ್ದುಬಿಡುತ್ತದೆ. ಅಷ್ಟರಲ್ಲಿ ಹೃದಯಕ್ಕೆ ರಕ್ತ ಪೂರ್ತಿ ತುಂಬಿರುವುದಿಲ್ಲ, ಅದಕ್ಕೇ ಅದು ಗೊತ್ತಾಗುವುದಿಲ್ಲ. ಆಮೇಲೆ ಬಿಡುವು ಸ್ವಲ್ಪ ಉದ್ದ, ಆ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿ, ಮುಂದಿನ ಬಡಿತ ಧಡ್ ಅನ್ನುತ್ತದೆ. ಗಟ್ಟಿಮುಟ್ಟಾದವರಿಗೂ ಇದು ಬರುತ್ತದೆ. ಎಡಗಡೆ ಮಲಗಿದಾಗ ಹೃದಯ ಎದೆಗೂಡಿಗೆ ಹತ್ತಿರ ಬರುವುದರಿಂದ ಜಾಸ್ತಿ ಗೊತ್ತಾಗುತ್ತದೆ. ಹೆದರಿ ಎದ್ದು ಕೂತರೆ 112 ಆಗದೆ ಇನ್ನೇನಾಗುತ್ತದೆ? ರಾತ್ರಿ ಆ ವಾಚ್ ಬಿಚ್ಚಿಟ್ಟು ಮಲಗು.

ಆದರೂ ಒಮ್ಮೆ ತೋರಿಸಲೇಬೇಕು. ಈ ವಾರವೇ ಹೋಗು. ಮೊದಲೇ ಜಯದೇವದ ಸಾಲಿಗೆ ಹೋಗಬೇಕೆಂದಿಲ್ಲ, ನಿನ್ನ ಮನೆ ಹತ್ತಿರದ ಎಂ.ಡಿ. ಡಾಕ್ಟರು ಸಾಕು, ಬೇಕಾದರೆ ಅವರೇ ಕಳಿಸುತ್ತಾರೆ. ಇಸಿಜಿ ಕಾಗದದಲ್ಲಿ ಬರುವುದು ಹತ್ತು ಸೆಕೆಂಡಿನ ಬಡಿತ ಮಾತ್ರ. ಆ ಹತ್ತು ಸೆಕೆಂಡಿನಲ್ಲಿ ತಪ್ಪದಿದ್ದರೆ ನಾರ್ಮಲ್ ಅಂತಲೇ ಬರುತ್ತದೆ. ಹಾಗಾಗಿ ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹತ್ತಿರದ ಯಾವುದಾದರೂ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿನ್ನ ವಾಚ್‌ನಲ್ಲಿ ಇಸಿಜಿ ತೆಗೆಯಲು ಬರುತ್ತಿದ್ದರೆ ಆ ಹೊತ್ತಿನದನ್ನು ಉಳಿಸಿಕೊಂಡು ಡಾಕ್ಟರಿಗೆ ತೋರಿಸು. ಇಲ್ಲವಾದರೆ ಹೋಲ್ಟರ್ ಬೇಕಾ ಅಂತ ಕೇಳು. ಎದೆಗೆ ಅಂಟಿಸಿ 24 ಗಂಟೆ, ಕೆಲವೊಮ್ಮೆ 48 ಗಂಟೆ ಇಟ್ಟುಕೊಳ್ಳುವುದು. ದಿನಕ್ಕೆ ಹೃದಯ ಹೆಚ್ಚುಕಡಿಮೆ ಒಂದು ಲಕ್ಷ ಸಲ ಬಡಿಯುತ್ತದೆ, ಅದರಲ್ಲಿ ಅಡ್ಡಾದಿಡ್ಡಿ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಸ್ವಲ್ಪ ಇದ್ದರೆ ಡಾಕ್ಟರು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತಕ್ಕೊಂದು ಬಡಿತ ಹಾಗಿದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ಹೃದಯದ ಬಲ ನೋಡುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಗೊತ್ತಾಗುವ ಟಿಎಸ್ಎಚ್, ಪೊಟ್ಯಾಸಿಯಂ ನೋಡಲು ಕೇಳು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೆ ಪಡದೆ ಹೇಳು, ರಕ್ತ ಕಡಿಮೆಯಾದರೂ ಎದೆ ಓಡುತ್ತದೆ. ನೆಗಡಿಗೆ ಯಾವ ಮಾತ್ರೆ ತಗೊಂಡಿದ್ದೀಯ, ರಾತ್ರಿ ಪಾಳಿಯಲ್ಲಿ ಆ ಡಬ್ಬಿ ಪಾನೀಯ ಎಷ್ಟು ಕುಡಿಯುತ್ತೀಯ, ಪಂಪು ಈಗಲೂ ಎಳೆಯುತ್ತೀಯಾ, ಎಲ್ಲವೂ ಡಾಕ್ಟರಿಗೆ ಗೊತ್ತಾಗಲಿ. ಅವೆಲ್ಲ ಬಡಿತ ಏರಿಸುತ್ತವೆ.

ಇದನ್ನು ಮಾತ್ರ ಮರೆಯಬೇಡ. ಎದೆ ಹೊಡೆದುಕೊಂಡು ತಲೆ ಸುತ್ತಿ ಬಿದ್ದರೆ, ಅದರಲ್ಲೂ ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಿದ್ದರೆ, ಎದೆ ನೋವು ಬಂದರೆ, ಉಸಿರು ಸಿಗದಿದ್ದರೆ, ಸುಮ್ಮನೆ ಕೂತಿದ್ದಾಗ ಓಟ ಶುರುವಾಗಿ ನಿಲ್ಲದೇ ಇದ್ದರೆ, ಗುಂಪಿನಲ್ಲಿ ಕೇಳುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು. ನಮ್ಮ ಕಡೆ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಹೋದವರು ಯಾರೂ ಇಲ್ಲ, ಅಜ್ಜ ಹೋಗಿದ್ದು ಎಂಬತ್ತು ದಾಟಿದ ಮೇಲೆ. ನಿನ್ನ ಅಮ್ಮನ ತವರಿನ ಕಡೆಯದನ್ನು ಅವಳನ್ನೇ ಕೇಳಿಕೊಂಡು ಹೋಗು, ಡಾಕ್ಟರು ಖಂಡಿತ ಕೇಳುತ್ತಾರೆ.

ಒಬ್ಬಳೇ ಹೋಗಬೇಡ, ನಿನ್ನ ಅಪ್ಪನಿಗೆ ರಜೆ ಹಾಕಲು ನಾನು ಹೇಳುತ್ತೇನೆ. ರಿಪೋರ್ಟ್ ಬಂದ ಮೇಲೆ ನನಗೆ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡು, ತೋಟದಲ್ಲಿ ಇದ್ದರೆ ಸಿಗ್ನಲ್ ಇರುವುದಿಲ್ಲ.